ಕೈಗೆ ಗೊತ್ತಿತ್ತು, ತಲೆಗೆ ಗೊತ್ತಿರಲಿಲ್ಲ

(ಸಂಗೀತದ ಮೇಷ್ಟ್ರುಗಳು ಮತ್ತು ಸಂಗೀತ ಕಲಿಯುವ ಮಕ್ಕಳ ತಂದೆತಾಯಿ ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬಾರದವರಿಗೆ ಕಲಿಸುವುದು ಹೇಗೆ ಅಂತ ಇಲ್ಲಿ ಕೂತಿರುವ ಮೇಷ್ಟ್ರುಗಳಿಗೆಲ್ಲ ಗೊತ್ತು. ಸರಳೆ ವರಸೆ, ಜಂಟಿ ವರಸೆ, ಅಲಂಕಾರ. ತಪ್ಪಿದರೆ ತಿದ್ದುವುದು, ಮತ್ತೆ ನುಡಿಸುವುದು, ಮತ್ತೆ ತಿದ್ದುವುದು. ತಾಳ್ಮೆ ಇದ್ದರೆ ಆಯಿತು. ಆದರೆ ಎಲ್ಲ ಬರುವ ಮಗು ಬಂದು ಎದುರಿಗೆ ಕೂತರೆ? ಒಂದು ಸಲ ಕೇಳಿದರೆ ಸಾಕು, ನುಡಿಸಿಬಿಡುತ್ತದೆ. ಮುಂದಿನ ವಾರಕ್ಕೆ ಅಂತ ಕೊಟ್ಟದ್ದನ್ನು ನಾಳೆಯೇ ಒಪ್ಪಿಸುತ್ತದೆ. ತಿದ್ದೋಣ ಅಂದರೆ ತಪ್ಪೇ ಸಿಗುವುದಿಲ್ಲ. ಇಂಥ ಮಗುವಿಗೆ ಮೇಷ್ಟ್ರ ಅಗತ್ಯ ಇದೆಯಾ? ಇದ್ದರೆ, ಅವರು ಕಲಿಸಬೇಕಾದ್ದು ಏನು?

ಇವತ್ತಿನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತ. ಉದಾಹರಣೆಗೆ ಚೆಲ್ಲೋ ಆರಿಸಿಕೊಂಡಿದ್ದೇನೆ. ಪಿಟೀಲು ಆರಿಸಬಹುದಿತ್ತು, ಆದರೆ ಇದು ಚೌಡಯ್ಯನವರ ನಾಡು. ಪಿಟೀಲಿನ ಬಗ್ಗೆ ಪ್ರತಿಯೊಬ್ಬರಿಗೂ ಒಂದೊಂದು ಗಟ್ಟಿ ಅಭಿಪ್ರಾಯ ಇರುತ್ತದೆ. ಚೆಲ್ಲೋ ಬಗ್ಗೆ ಅಷ್ಟಿಲ್ಲ. ಸ್ವಲ್ಪ ನೆಮ್ಮದಿಯಾಗಿ ಮಾತಾಡಬಹುದು.

ವಾದ್ಯ ನೋಡದವರಿಗೆ ಎರಡು ಮಾತು. ಪಿಟೀಲಿನದೇ ಮನೆತನ, ಆದರೆ ಆಳೆತ್ತರಕ್ಕೆ ಹತ್ತಿರ. ಕುರ್ಚಿಯ ಮೇಲೆ ಕೂತು ಎರಡು ಮಂಡಿಗಳ ನಡುವೆ ಇಟ್ಟುಕೊಂಡು ನುಡಿಸಬೇಕು. ಕೆಳಗೊಂದು ಕಬ್ಬಿಣದ ಕಡ್ಡಿ ನೆಲಕ್ಕೆ ಊರಿರುತ್ತದೆ. ತಂತಿಗಳು ನಾಲ್ಕೇ. ಆದರೆ ಸುಮಾರು 70 ಸೆಂಟಿಮೀಟರ್ ಉದ್ದ, ಅಂದರೆ ಪಿಟೀಲಿನ ತಂತಿಯ ಎರಡರಷ್ಟು. ಕಷ್ಟ ಶುರುವಾಗುವುದೇ ಇಲ್ಲಿ. ತಂತಿಯ ಮೇಲ್ಭಾಗದಲ್ಲಿ ತೋರುಬೆರಳನ್ನು ಷಡ್ಜದ ಮೇಲೆ ಇಟ್ಟರೆ, ಕಿರುಬೆರಳು ಸಹಜವಾಗಿ ಬಂದು ಬೀಳುವುದು ಸಾಧಾರಣ ಗಾಂಧಾರದ ಮೇಲೆ. ಅಷ್ಟೇ. ಬೆರಳು ಎಳೆದು ಚಾಚಿದರೆ ಅಂತರ ಗಾಂಧಾರ ಸಿಕ್ಕೀತು. ಪಂಚಮ ಬೇಕು ಅಂದರೆ ಪಕ್ಕದ ತಂತಿಗೆ ಹೋಗಬೇಕು, ಇಲ್ಲವೇ ಇಡೀ ಕೈಯನ್ನು ಕೆಳಗೆ ಜಾರಿಸಬೇಕು. ವೀಣೆಯ ಹಾಗೆ ಮೆಟ್ಟಿಲುಗಳಿಲ್ಲ. ಕೈ ಎಲ್ಲಿ ನಿಲ್ಲಬೇಕು ಅಂತ ಕಣ್ಣಿಗೆ ಕಾಣುವುದಿಲ್ಲ. ಪ್ರತಿ ಸಲವೂ ಅಂದಾಜಿನ ಮೇಲೆ ಹಾರಬೇಕು, ಸರಿಯಾದ ಜಾಗದಲ್ಲೇ ಇಳಿಯಬೇಕು.

ಪ್ರತಿಭೆ ಇರುವ ಮಗುವಿಗೆ ಈ ಅಂದಾಜು ತಾನಾಗಿಯೇ ಬರುತ್ತದೆ. ಕಿವಿ ಹೇಳುತ್ತದೆ, ಕೈ ಮಾಡುತ್ತದೆ. ನಡುವೆ ತಲೆ ಬರುವುದೇ ಇಲ್ಲ. ಅದೇ ವರ, ಅದೇ ಅಪಾಯ.

ಹೀಗೆ ತಲೆ ನಡುವೆ ಬಾರದೆ ಬೆಳೆದವರಲ್ಲಿ ಒಬ್ಬರು ಹಂಗೇರಿಯ ಚೆಲ್ಲೋ ವಾದಕ ಯಾನೋಶ್ ಸ್ಟಾರ್ಕರ್. 1924ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿದರು. ಇಬ್ಬರು ಅಣ್ಣಂದಿರು, ಇಬ್ಬರ ಕೈಯಲ್ಲೂ ಪಿಟೀಲು. ಮೂರನೆಯವನಿಗೆ ಚೆಲ್ಲೋ ಕೊಟ್ಟರು. ಏಳು ವರ್ಷಕ್ಕೆ ಫ್ರಾನ್ಜ್ ಲಿಸ್ಟ್ ಅಕಾಡೆಮಿಗೆ ಸೇರಿದರು. ಎಂಟು ವರ್ಷಕ್ಕೆ ಅವರಿಗೇ ಒಬ್ಬ ಶಿಷ್ಯ ಬಂದ. ಆ ಶಿಷ್ಯನ ವಯಸ್ಸು ಆರು! ಹನ್ನೆರಡು ವರ್ಷ ಆಗುವಷ್ಟರಲ್ಲಿ ಐದು ಶಿಷ್ಯರು. ಹದಿನಾಲ್ಕರಲ್ಲಿ ಒಂದು ಕಛೇರಿಗೆ ಬರಬೇಕಿದ್ದ ಕಲಾವಿದರು ಬರಲಾಗದೆ ಹೋದಾಗ, ಮೂರು ಗಂಟೆ ಮುಂಚೆ ಈ ಹುಡುಗನಿಗೆ ಹೇಳಿಕಳಿಸಿದರು. ಹೋಗಿ ದ್ವೊರ್ಝಾಕ್‌ನ ಕನ್ಚೆರ್ಟೋ, ಅಂದರೆ ವಾದ್ಯವೃಂದದ ಜೊತೆ ಒಬ್ಬರೇ ಮುಂದೆ ಕೂತು ನುಡಿಸುವ ದೊಡ್ಡ ಕೃತಿ, ನುಡಿಸಿ ಬಂದ. ಚೆಲ್ಲೋದವರಿಗೆ ಆ ಕೃತಿ ಅಂದರೆ ಬೆಟ್ಟ ಇದ್ದ ಹಾಗೆ.

ಆಮೇಲೆ ಯುದ್ಧ ಬಂತು. ಯಹೂದಿ ಕುಟುಂಬ. ಸ್ಟಾರ್ಕರ್ ಅವರನ್ನು ಬುಡಾಪೆಸ್ಟ್ ಪಕ್ಕದ ಚೆಪೆಲ್ ದ್ವೀಪದ ಶಿಬಿರದಲ್ಲಿ ಕೂಡಿಹಾಕಿದರು. ಅವರು ಬದುಕಿ ಬಂದರು. ಅಣ್ಣಂದಿರು ಇಬ್ಬರೂ ಬರಲಿಲ್ಲ.

1946ರಲ್ಲಿ ಹಂಗೇರಿ ಬಿಟ್ಟು ಹೊರಟರು. ಆಗ ಅವರಿಗೆ ಇಪ್ಪತ್ತೊಂದೋ ಇಪ್ಪತ್ತೆರಡೋ. ಕಛೇರಿ ಮಾಡಿದರೆ ಜನ ಚಪ್ಪಾಳೆ ತಟ್ಟುತ್ತಿದ್ದರು. ಆದರೆ ಆ ದಿನಗಳಲ್ಲೇ ಅವರೊಳಗೆ ಏನೋ ಮುರಿದುಬಿತ್ತು. ಮುಂದೆ ಎಷ್ಟೋ ಸಂದರ್ಶನಗಳಲ್ಲಿ ಅವರು ಹೇಳಿಕೊಂಡ ಮಾತಿದು, ನನ್ನ ಮಾತಿನಲ್ಲಿ ಹೇಳುತ್ತೇನೆ: ಹಕ್ಕಿ ಹಾಡುತ್ತದೆ, ಹೇಗೆ ಹಾಡುತ್ತೇನೆ ಅಂತ ಅದಕ್ಕೆ ಗೊತ್ತಿಲ್ಲ. ಬಾಲಪ್ರತಿಭೆಗಳೂ ಹಾಗೇ. ಒಂದು ದಿನ ಎದ್ದು, ಇದನ್ನೆಲ್ಲ ನಾನು ಹೇಗೆ ಮಾಡುತ್ತಿದ್ದೇನೆ ಅಂತ ಕೇಳಿಕೊಳ್ಳುತ್ತಾರೆ. ಉತ್ತರ ಇರುವುದಿಲ್ಲ. ಕೇಳಿಕೊಂಡ ಮೇಲೆ ಕೈ ಓಡುವುದಿಲ್ಲ. ಸ್ಟಾರ್ಕರ್‌ಗೆ ಆಗಿದ್ದೂ ಇದೇ. ನುಡಿಸಲು ಕೂತರೆ ಭಯ. ಮೈ ಸರಿಯಿಲ್ಲದ ಹಾಗೆ ಆಗುತ್ತಿತ್ತು.

ಇದು ಅವರೊಬ್ಬರ ಕಥೆ ಅಂದುಕೊಳ್ಳಬೇಡಿ. ಯೆಹೂದಿ ಮೆನ್ಯುಹಿನ್ ಹೆಸರು ಕೇಳಿರುತ್ತೀರಿ. ಏಳು ವರ್ಷಕ್ಕೆ ವೇದಿಕೆ ಹತ್ತಿದ ಪಿಟೀಲು ವಾದಕರು. ಹದಿನಾರಕ್ಕೆ ಇಂಗ್ಲಿಷ್ ರಚನಕಾರ ಎಲ್ಗಾರ್ ಅವರ ಪಿಟೀಲು ಕನ್ಚೆರ್ಟೋವನ್ನು ಸ್ವತಃ ಎಲ್ಗಾರ್ ಎದುರಲ್ಲೇ, ಅವರ ನಿರ್ದೇಶನದಲ್ಲೇ ರೆಕಾರ್ಡ್ ಮಾಡಿದವರು. ಯುದ್ಧದ ವರ್ಷಗಳಲ್ಲಿ ಸೈನಿಕರಿಗಾಗಿ ನೂರಾರು ಕಛೇರಿ ಮಾಡಿದರು. ದಣಿದರು. ಆಮೇಲೆ ಕೈ ಮೊದಲಿನ ಹಾಗೆ ಮಾತು ಕೇಳಲಿಲ್ಲ. ಚಿಕ್ಕಂದಿನಲ್ಲಿ ಯೋಚಿಸದೆ ಮಾಡಿದ್ದನ್ನೆಲ್ಲ ದೊಡ್ಡವರಾದ ಮೇಲೆ ಮೊದಲಿಂದ ಕಲಿಯಬೇಕಾಯಿತು.

ಇಲ್ಲಿ ನಮ್ಮ ಕಡೆಯವರೊಬ್ಬರು ಬರುತ್ತಾರೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್. ಆಗಲೇ ಪುಣೆಯಲ್ಲಿ ಯೋಗ ಹೇಳಿಕೊಡುತ್ತಿದ್ದರು. 1952ರಲ್ಲಿ ಮೆನ್ಯುಹಿನ್ ಭಾರತಕ್ಕೆ ಬಂದಾಗ ಮುಂಬೈಯಲ್ಲಿ ಇಬ್ಬರ ಭೇಟಿ. ಮೊದಲು ಅಯ್ಯಂಗಾರ್‌ಗೆ ಹೇಳಿದ್ದು ಐದೇ ನಿಮಿಷ ಸಿಗುತ್ತದೆ ಅಂತ. ಮೆನ್ಯುಹಿನ್ ಅವರನ್ನು ಅಯ್ಯಂಗಾರ್ ಮಲಗಿಸಿದರು. ಸರಿಯಾಗಿ ನಿದ್ದೆ ಬಾರದೆ ಒದ್ದಾಡುತ್ತಿದ್ದ ಮನುಷ್ಯ ಅಲ್ಲೇ ನಿದ್ದೆಹೋದರು. ಎರಡು ವರ್ಷದ ನಂತರ ಅಯ್ಯಂಗಾರ್ ಅವರನ್ನು ಮೆನ್ಯುಹಿನ್ ಸ್ವಿಟ್ಜರ್ಲೆಂಡ್‌ಗೆ ಕರೆಸಿಕೊಂಡು ಒಂದು ಕೈಗಡಿಯಾರ ಕೊಟ್ಟರು. ಅದರ ಹಿಂದೆ, ನನ್ನ ಅತ್ಯುತ್ತಮ ಪಿಟೀಲು ಮೇಷ್ಟ್ರಿಗೆ ಅಂತ ಕೆತ್ತಿಸಿದ್ದರು. ಪಿಟೀಲು ಕಲಿಸದವರಿಗೆ! ಯಾಕೆ ಅಂದರೆ, ಭುಜ ಎಲ್ಲಿ ಬಿಗಿಯುತ್ತದೆ, ಉಸಿರು ಎಲ್ಲಿ ನಿಲ್ಲುತ್ತದೆ ಅಂತ ತೋರಿಸಿಕೊಟ್ಟವರು ಅವರು.

ಮೆನ್ಯುಹಿನ್‌ಗೆ ಹೇಳಿಕೊಡಲು ಒಬ್ಬರು ಸಿಕ್ಕರು. ಸ್ಟಾರ್ಕರ್ ತಾವೇ ಕೂತು ಕಂಡುಹಿಡಿಯಬೇಕಾಯಿತು. ನುಡಿಸುವಾಗ ಮೈಯಲ್ಲಿ ಏನಾಗುತ್ತದೆ ಅಂತ ಒಂದೊಂದನ್ನೇ ಬಿಚ್ಚಿ ನೋಡಿದರು. ಕೈ ಜಾರುವ ಮೊದಲು ಮೊಣಕೈ ಏನು ಮಾಡಬೇಕು? ಕಮಾನಿನ ಒತ್ತು ಬೆರಳಿಂದ ಬರಬೇಕೋ ಬೆನ್ನಿಂದಲೋ? ತಂತಿ ಬದಲಿಸುವಾಗ ಉಸಿರು ಒಳಗೋ ಹೊರಗೋ? 1948ರಲ್ಲಿ, ಅವರು ನುಡಿಸಿದ ಹಂಗೇರಿಯ ರಚನಕಾರ ಕೊಡಾಯ್ ಅವರ ಒಂಟಿ ಚೆಲ್ಲೋ ಸೊನಾಟಾದ ರೆಕಾರ್ಡಿಂಗ್‌ಗೆ ಫ್ರಾನ್ಸ್‌ನ ಗ್ರ್ಯಾಂಡ್ ಪ್ರಿ ದ್ಯು ಡಿಸ್ಕ್ ಅನ್ನುವ ಪ್ರಶಸ್ತಿ ಬಂತು. ಚೆಲ್ಲೋದಲ್ಲಿ ಏನೆಲ್ಲ ಕಷ್ಟ ಕೊಡಬಹುದೋ ಅಷ್ಟನ್ನೂ ಕೊಡಾಯ್ ಅದರಲ್ಲಿ ತುರುಕಿದ್ದಾರೆ. ಸಿಕ್ಕರೆ ಕೇಳಿ. ಒಬ್ಬರೇ ನುಡಿಸುತ್ತಿರುವುದು ಅಂತ ನಂಬುವುದು ಕಷ್ಟ.

ಅದೇ ವರ್ಷ ಅಮೆರಿಕಕ್ಕೆ ಹೋದರು. ಡಲ್ಲಾಸ್, ಆಮೇಲೆ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಒಪೆರಾ, ಆಮೇಲೆ ಶಿಕಾಗೋ ಸಿಂಫನಿ. ಹತ್ತು ವರ್ಷ ವಾದ್ಯವೃಂದಗಳಲ್ಲಿ ಚೆಲ್ಲೋ ಗುಂಪಿನ ಮುಖ್ಯ ವಾದಕರಾಗಿ ದುಡಿದರು. 1958ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಮೇಷ್ಟ್ರಾಗಿ ಸೇರಿದರು. ಬ್ಲೂಮಿಂಗ್ಟನ್ ಅನ್ನುವ ಸಣ್ಣ ಊರು. ನ್ಯೂಯಾರ್ಕ್ ಅಲ್ಲ, ವಿಯೆನ್ನಾ ಅಲ್ಲ. ಅಲ್ಲೇ ಇದ್ದರು, 2013ರಲ್ಲಿ ತೀರಿಕೊಳ್ಳುವವರೆಗೂ. ಕಛೇರಿಗೆ ಊರೂರು ಸುತ್ತುತ್ತಿದ್ದರು, ಆದರೆ ಪಾಠ ಬಿಡಲಿಲ್ಲ. ಕಲಿಸದೆ ನುಡಿಸಲಾರೆ, ನುಡಿಸದೆ ಕಲಿಸಲಾರೆ ಅನ್ನುತ್ತಿದ್ದರು. ಇನ್ನೊಬ್ಬರಿಗೆ ವಿವರಿಸಲು ಹೊರಟಾಗಲೇ ತಾನು ಏನು ಮಾಡುತ್ತಿದ್ದೇನೆ ಅಂತ ತನಗೆ ತಿಳಿಯುವುದು ಅನ್ನುವುದು ಅವರ ನಂಬಿಕೆ.

ಅವರ ತರಗತಿ ಹೇಗಿರುತ್ತಿತ್ತು? ಒಬ್ಬ ನುಡಿಸುತ್ತಿದ್ದರೆ ಉಳಿದ ಶಿಷ್ಯರು ಕೂತು ಕೇಳುತ್ತಿದ್ದರು. ನಮ್ಮ ಹಳೆಯ ಗುರುಮನೆಗಳಲ್ಲೂ ಹೀಗೇ ಅಲ್ವಾ? ಚೌಡಯ್ಯನವರು ಬಿಡಾರಂ ಕೃಷ್ಣಪ್ಪನವರ ಹತ್ತಿರ ಇದ್ದು ಕಲಿತದ್ದು ಹೀಗೇ. ಪಾಠ ಒಬ್ಬನಿಗೆ, ಕಿವಿ ಎಲ್ಲರದು.

ಒಂದು ಸಣ್ಣ ಸಂಗತಿಯನ್ನು ಹತ್ತಿರದಿಂದ ನೋಡೋಣ. ತಂತಿಯ ಮೇಲ್ಭಾಗದ ಒಂದು ಸ್ವರದಿಂದ ಕೆಳಗಿನ ಜಾಗಕ್ಕೆ ಕೈ ಜಾರಬೇಕು ಅಂದುಕೊಳ್ಳಿ. ಸಾಮಾನ್ಯವಾಗಿ ಏನು ಮಾಡುತ್ತೇವೆ? ಸ್ವರದ ಹೊತ್ತು ಮುಗಿಯುವವರೆಗೆ ಕಾದು, ಕೊನೇ ಗಳಿಗೆಯಲ್ಲಿ ಬೆರಳನ್ನು ಎಸೆಯುತ್ತೇವೆ. ಬೆರಳು ಮುಂದೆ ಹೋಗುತ್ತದೆ, ತೋಳು ಹಿಂದೆ ಉಳಿಯುತ್ತದೆ. ಗುರಿ ತಲುಪಿದ ಮೇಲೆ ಬೆರಳು ನಡುಗುತ್ತದೆ, ಹೆಬ್ಬೆರಳು ಚೆಲ್ಲೋದ ಕತ್ತನ್ನು ಗಟ್ಟಿಯಾಗಿ ಹಿಡಿಯುತ್ತದೆ, ಭುಜ ಕಿವಿಯ ಕಡೆ ಏರುತ್ತದೆ. ಸ್ಟಾರ್ಕರ್ ಹೇಳುತ್ತಿದ್ದ ಕ್ರಮ ತಿರುಗುಮುರುಗು. ಈಗಿನ ಸ್ವರ ಇನ್ನೂ ನುಡಿಯುತ್ತಿರುವಾಗಲೇ ತೋಳು ಹೊರಡಬೇಕು. ಮೊಣಕೈ ಮೊದಲು, ಬೆರಳು ಕೊನೆಗೆ. ಬೆರಳು ಹೋಗಿ ಹುಡುಕುವುದಲ್ಲ, ತೋಳು ಅದನ್ನು ಒಯ್ದು ಇಡಬೇಕು. ಕಮಾನು ಹಿಡಿದ ಕೈಗೂ ಇದೇ ನಿಯಮ: ಮುಂದಿನ ತಂತಿಗೆ ಹೋಗುವ ತಯಾರಿ ಹಿಂದಿನ ತಂತಿಯಲ್ಲೇ ಆಗಬೇಕು. ಮುಂದಿನದಕ್ಕೆ ಈಗಲೇ ಸಿದ್ಧನಾಗು, ಆದರೆ ಈಗಿನದನ್ನು ಕೆಡಿಸಬೇಡ. ಕೇಳಲು ಸುಲಭ. ಮಾಡಲು ವರ್ಷಗಳು ಬೇಕು.

ಎಡಗೈ ಅಭ್ಯಾಸಗಳನ್ನೆಲ್ಲ ಒಂದು ಕ್ರಮಕ್ಕೆ ತಂದು 1961ರಲ್ಲಿ ಪುಸ್ತಕವಾಗಿಯೂ ಹೊರತಂದರು. ಅದರಲ್ಲಿ ರಾಗಭಾವದ ಮಾತು ಹುಡುಕಿದರೆ ನಿರಾಸೆಯಾಗುತ್ತದೆ. ಬರೀ ಬೆರಳು, ಜಾಗ, ಜಾಗ, ಬೆರಳು.

ಅವರ ಇನ್ನೊಂದು ಹಠ, ಮುಖದ ಬಗ್ಗೆ. ನುಡಿಸುವಾಗ ತಲೆ ಕೊಡವುವುದು, ಕಣ್ಣು ಮುಚ್ಚಿ ನರಳುವುದು ಅವರಿಗೆ ಆಗದು. ಸ್ವತಃ ಅವರು ನುಡಿಸುವ ವಿಡಿಯೋ ನೋಡಿ. ಬೋಳುತಲೆ, ಚೂಪು ಕಣ್ಣು, ಮುಖದಲ್ಲಿ ಏನೂ ಇಲ್ಲ. ನೀನು ಉದ್ವೇಗಗೊಳ್ಳುವುದು ಮುಖ್ಯವಲ್ಲ, ಕೇಳುವವರಲ್ಲಿ ಅದು ಹುಟ್ಟಬೇಕು ಅನ್ನುವುದು ಅವರ ವಾದ. ಇದಕ್ಕೇ ಕೆಲವು ವಿಮರ್ಶಕರು ಅವರನ್ನು ತಣ್ಣಗಿನ ವಾದಕ ಅಂತ ಕರೆದರು. ನನಗೆ ಹಾಗನ್ನಿಸಿಲ್ಲ. ಆದರೆ ಹಾಗನ್ನಿಸುವವರ ಜೊತೆ ಜಗಳಕ್ಕೂ ಹೋಗುವುದಿಲ್ಲ.

ಶಿಷ್ಯರನ್ನು ನೋಡಿದರೆ ಪದ್ಧತಿ ಫಲಿಸಿತು ಅಂತ ಒಪ್ಪಲೇಬೇಕು. ಜಪಾನಿನ ತ್ಸುಯೋಶಿ ತ್ಸುತ್ಸುಮಿ 1963ರಲ್ಲಿ ಬುಡಾಪೆಸ್ಟ್‌ನ ಸ್ಪರ್ಧೆ ಗೆದ್ದರು, ಹಿರಿಯ ಚೆಲ್ಲೋ ವಾದಕ ಪಾಬ್ಲೋ ಕಸಾಲ್ಸ್ ಹೆಸರಿನದು. ಮುಂದೆ ಬ್ಲೂಮಿಂಗ್ಟನ್‌ನಲ್ಲೇ ಪಾಠ ಹೇಳಿದರು, ಟೋಕಿಯೋದ ತೋಹೋ ಗಾಕುಎನ್ ಸಂಗೀತ ಶಾಲೆಯ ಮುಖ್ಯಸ್ಥರೂ ಆದರು. ಗ್ಯಾರಿ ಹಾಫ್‌ಮನ್ ಇಪ್ಪತ್ತೆರಡಕ್ಕೇ ಇಂಡಿಯಾನಾದಲ್ಲಿ ಅಧ್ಯಾಪಕರಾದರು. 1986ರಲ್ಲಿ ಪ್ಯಾರಿಸ್‌ನಲ್ಲಿ ರೊಸ್ತ್ರೊಪೊವಿಚ್ ಹೆಸರಿನ ಸ್ಪರ್ಧೆ ಗೆದ್ದರು.

ರೊಸ್ತ್ರೊಪೊವಿಚ್ ಹೆಸರು ಬಂದದ್ದು ಒಳ್ಳೆಯದಾಯಿತು. ಅವರದು ಪೂರ್ತಿ ಬೇರೆ ದಾರಿ.

ಮ್ಸ್ತಿಸ್ಲಾವ್ ರೊಸ್ತ್ರೊಪೊವಿಚ್ ಸೋವಿಯತ್ ದೇಶದ ಚೆಲ್ಲೋ ವಾದಕರು, 1927ರಲ್ಲಿ ಬಾಕುವಿನಲ್ಲಿ ಹುಟ್ಟಿದವರು. ಮಾಸ್ಕೋ ಕನ್ಸರ್ವೇಟರಿಯಲ್ಲಿ ಅವರು ಪಾಠ ಹೇಳುತ್ತಿದ್ದದ್ದು 19ನೇ ನಂಬರಿನ ಕೊಠಡಿಯಲ್ಲಿ. 'ಹತ್ತೊಂಬತ್ತನೇ ತರಗತಿ' ಅಂದರೆ ಸಾಕು, ಅಲ್ಲಿಯವರಿಗೆ ಅರ್ಥವಾಗುತ್ತಿತ್ತು. ಕೊಠಡಿ ತುಂಬ ಜನ. ಮೇಷ್ಟ್ರ ಕೈಯಲ್ಲಿ ಮಾತ್ರ ಚೆಲ್ಲೋ ಇರುತ್ತಿರಲಿಲ್ಲ! ಪಿಯಾನೋ ಮುಂದೆ ಕೂರುತ್ತಿದ್ದರು. ಇಡೀ ವಾದ್ಯವೃಂದದ ಭಾಗವನ್ನು ನೆನಪಿನಿಂದಲೇ ಪಿಯಾನೋದಲ್ಲಿ ನುಡಿಸುತ್ತ ಶಿಷ್ಯನನ್ನು ಎಳೆದುಕೊಂಡು ಹೋಗುತ್ತಿದ್ದರು. ಶಿಷ್ಯರು ತನ್ನ ನಕಲಾಗಬಾರದು ಅನ್ನುವುದು ಅವರ ಲೆಕ್ಕ. ಅಂಥ ವಾದಕ ಎದುರಿಗೆ ಚೆಲ್ಲೋ ಹಿಡಿದು ಕೂತರೆ ಯಾವ ಹುಡುಗ ತಾನೆ ನಕಲು ಮಾಡದೆ ಇದ್ದಾನು?

ಬೆರಳು, ಮೊಣಕೈ ಅಂತ ಅವರು ಹೆಚ್ಚು ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಆ ಸ್ವರ ಯಾಕಿದೆ, ಅದರ ಹಿಂದೆ ಯಾವ ದೃಶ್ಯ, ಯಾರು ಯಾರಿಗೆ ಏನು ಹೇಳುತ್ತಿದ್ದಾರೆ ಅಂತ ಕೇಳುತ್ತಿದ್ದರು. ಕಲ್ಪನೆ ಸರಿಯಾಗಿದ್ದರೆ ಕೈ ತಾನೇ ದಾರಿ ಕಂಡುಕೊಳ್ಳುತ್ತದೆ ಅನ್ನುವ ನಂಬಿಕೆ. ಕಲಿಯುವ ವೇಗದ ಬಗ್ಗೆ ಮಾತ್ರ ಕರುಣೆಯೇ ಇಲ್ಲ. ಅವರದೇ ದಾಖಲೆ ನೋಡಿ. ರಚನಕಾರ ಶೊಸ್ತಕೊವಿಚ್ ಅವರ ಮೊದಲ ಚೆಲ್ಲೋ ಕನ್ಚೆರ್ಟೋದ ಹಾಳೆಗಳು ಅವರ ಕೈಗೆ ಬಂದದ್ದು 1959ರ ಆಗಸ್ಟ್ 2ಕ್ಕೆ. ನಾಲ್ಕು ದಿನ. 6ಕ್ಕೆ ಹೋಗಿ ಶೊಸ್ತಕೊವಿಚ್ ಎದುರು ಪೂರ್ತಿ ಬಾಯಿಪಾಠದಲ್ಲಿ ನುಡಿಸಿದರು. ತಾನು ಹೀಗಿರುವಾಗ ಶಿಷ್ಯರು ತಿಂಗಳು ತಗೊಂಡರೆ ಒಪ್ಪುತ್ತಾರಾ?

ನಿಜ ಹೇಳಬೇಕಂದರೆ, ಇದನ್ನು ಎಲ್ಲರೂ ಅನುಸರಿಸಲಿ ಅಂತ ನಾನು ಹೇಳಲಾರೆ. ಬುನಾದಿ ಬೇರೆ ಯಾರೋ ಹಾಕಿಕೊಟ್ಟು, ಆಯ್ಕೆಯಾಗಿ ಬಂದ ಶಿಷ್ಯರಿಗೆ ಮಾತ್ರ ಈ ಪಾಠ ಹಿಡಿಸುತ್ತದೆ. ಸೋವಿಯತ್ ದೇಶದಲ್ಲಿ ಸಣ್ಣ ಮಕ್ಕಳಿಗಾಗಿಯೇ ವಿಶೇಷ ಸಂಗೀತ ಶಾಲೆಗಳಿದ್ದವು. ಮೊಣಕೈ ಕೆಲಸವೆಲ್ಲ ಅಲ್ಲೇ ಮುಗಿದಿರುತ್ತಿತ್ತು. ನತಾಲಿಯಾ ಗುಟ್ಮನ್, ಕರೀನೆ ಜಾರ್ಜಿಯನ್, ಡೇವಿಡ್ ಗೆರಿಂಗಾಸ್, ಮಿಶಾ ಮೈಸ್ಕಿ. ಒಂದೇ ಕೊಠಡಿಯಿಂದ ಬಂದವರು ಇವರೆಲ್ಲ. 1966ರ ಚೈಕೊವ್ಸ್ಕಿ ಸ್ಪರ್ಧೆಯ ಚಿನ್ನ ಜಾರ್ಜಿಯನ್‌ಗೆ, 1970ರದು ಗೆರಿಂಗಾಸ್‌ಗೆ.

ಮೈಸ್ಕಿಯ ಕಥೆ ಹೇಳದೆ ಮುಂದೆ ಹೋಗಲಾರೆ. ಲಾತ್ವಿಯಾದ ರೀಗಾದ ಹುಡುಗ. ಮೇಷ್ಟ್ರು ನುಡಿಸುವುದನ್ನು, ಹೇಳುವುದನ್ನು ಹಿಡಿದಿಡಬೇಕು ಅಂತ ಅವನಿಗೆ ಆಸೆ. ಅದಕ್ಕೊಂದು ಟೇಪ್ ರೆಕಾರ್ಡರ್ ಬೇಕು. ಅಂಗಡಿಯಲ್ಲಿ ಸಿಗದು, ಕಾಳಸಂತೆಯಲ್ಲಿ ಕೊಂಡ. 1970ರಲ್ಲಿ ಅದನ್ನೇ ನೆಪ ಮಾಡಿ ಹಿಡಿದರು. ನಿಜವಾದ ಕಾರಣ, ಅವನ ಅಕ್ಕ ಇಸ್ರೇಲಿಗೆ ಹೋಗಿ ನೆಲೆಸಿದ್ದು. ಹದಿನೆಂಟು ತಿಂಗಳು ಜೈಲು, ಕಾರ್ಮಿಕ ಶಿಬಿರ. ಚೆಲ್ಲೋ ಮುಟ್ಟುವ ಹಾಗಿಲ್ಲ, ಸಿಮೆಂಟ್ ಹೊರುವ ಕೆಲಸ. 1972ರಲ್ಲಿ ದೇಶ ಬಿಟ್ಟ. ಆಮೇಲೆ ಅಮೆರಿಕದಲ್ಲಿ ಗ್ರೆಗರ್ ಪಿಯಾಟಿಗೋರ್ಸ್ಕಿ ಹತ್ತಿರ ಕಲಿತ. ಆ ದೊಡ್ಡ ವಾದಕರ ಕೊನೆಯ ವರ್ಷಗಳವು. ಈ ಇಬ್ಬರ ಹತ್ತಿರವೂ ಕಲಿತವರು ತಾವೊಬ್ಬರೇ ಅಂತ ಮೈಸ್ಕಿ ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಮೇಷ್ಟ್ರ ಗತಿಯೂ ನೆಟ್ಟಗಿರಲಿಲ್ಲ. ಸರ್ಕಾರದ ಕೋಪಕ್ಕೆ ಗುರಿಯಾಗಿದ್ದ ಲೇಖಕ ಸೊಲ್ಜೆನಿತ್ಸಿನ್‌ಗೆ ತಮ್ಮ ತೋಟದ ಮನೆಯಲ್ಲಿ ಜಾಗ ಕೊಟ್ಟರು, ಅವರ ಪರವಾಗಿ 1970ರಲ್ಲಿ ಬಹಿರಂಗ ಪತ್ರ ಬರೆದರು. ಕಛೇರಿಗಳು ನಿಂತವು. 1974ರಲ್ಲಿ ದೇಶ ಬಿಟ್ಟರು, 1978ರಲ್ಲಿ ಪೌರತ್ವವೂ ಹೋಯಿತು. ಹತ್ತೊಂಬತ್ತನೇ ತರಗತಿ ಅಲ್ಲಿಗೆ ಮುಗಿಯಿತು.

ಈಗ ಮೂರನೆಯ ಥರದ ಮೇಷ್ಟ್ರು. ಇವರ ಹೆಸರು ಬಹಳ ಜನ ಕೇಳಿರುವುದಿಲ್ಲ. ವಿಲಿಯಂ ಪ್ಲೀತ್, ಲಂಡನ್ನಿನವರು. ಇವರೂ ಬಾಲಪ್ರತಿಭೆಯೇ. ಹದಿಮೂರಕ್ಕೆ ಲೈಪ್‌ಝಿಗ್‌ಗೆ ಹೋಗಿ ಯೂಲಿಯಸ್ ಕ್ಲೆಂಗೆಲ್ ಶಿಷ್ಯರಾದರು. ಆದರೆ ದೊಡ್ಡ ವಾದಕನಾಗಿ ಊರೂರು ಸುತ್ತುವುದರಲ್ಲಿ ಅವರಿಗೆ ಆಸಕ್ತಿ ಹೋಯಿತು. ನಾಲ್ಕು ಜನ ಕೂತು ನುಡಿಸುವ ಕ್ವಾರ್ಟೆಟ್ ಮತ್ತು ಪಾಠ, ಇಷ್ಟು ಸಾಕು ಅಂದುಕೊಂಡರು.

ಅವರ ಬಳಿ ಹತ್ತು ವರ್ಷದ ಹುಡುಗಿಯೊಬ್ಬಳು ಬಂದಳು. ಜಾಕ್ವೆಲಿನ್ ದು ಪ್ರೇ. ಪಾಠದ ಖರ್ಚಿಗೆ ಸುಗ್ಗಿಯಾ ವಿದ್ಯಾರ್ಥಿವೇತನ ಸಿಕ್ಕಿತು. ಅದರ ಹಿನ್ನೆಲೆಯೂ ಚೆನ್ನಾಗಿದೆ: ಪೋರ್ಚುಗಲ್‌ನ ಚೆಲ್ಲೋ ವಾದಕಿ ಗಿಲ್ಯರ್ಮಿನಾ ಸುಗ್ಗಿಯಾ 1950ರಲ್ಲಿ ತೀರಿಕೊಳ್ಳುವಾಗ, ತಮ್ಮ ಸ್ಟ್ರಾಡಿವೇರಿಯಸ್ ಅನ್ನುವ ಹಳೆಯ, ಭಾರೀ ಬೆಲೆಯ ಚೆಲ್ಲೋ ಮಾರಿ ಬಂದ ಹಣದಲ್ಲಿ ಎಳೆಯ ವಾದಕರನ್ನು ಓದಿಸಿ ಅಂತ ಬರೆದಿಟ್ಟಿದ್ದರು. ಹದಿಮೂರರ ಸುಮಾರಿಗೆ ಪ್ಲೀತ್ ಒಂದು ಶನಿವಾರ ಎಲ್ಗಾರ್ ಅವರ ಚೆಲ್ಲೋ ಕನ್ಚೆರ್ಟೋ ಮತ್ತು ಪಿಯಾಟ್ಟಿಯ ಒಂದು ಕಷ್ಟದ ಅಭ್ಯಾಸ ಕೃತಿ ಕೊಟ್ಟರು. ಬುಧವಾರ ಬಂದವಳು ಕನ್ಚೆರ್ಟೋದ ಮೊದಲ ಭಾಗ ಮತ್ತು ಆ ಕೃತಿ ಎರಡನ್ನೂ ಹಾಳೆ ನೋಡದೆ ನುಡಿಸಿದಳು. ನಾನು ಶುರುವಿನಲ್ಲಿ ಹೇಳಿದ ಮಗು ಇದೇ.

ಪ್ಲೀತ್ ಏನು ಮಾಡಿದರು? ತಡೆಯಲಿಲ್ಲ. ಅವಳು ಮೈಯೆಲ್ಲ ಬಳಸಿ ನುಡಿಸುತ್ತಿದ್ದಳು. ತಲೆ ಬೀಸುವುದು, ವಾಲುವುದು, ಕಮಾನು ಹಾರಿಸುವುದು. ಸ್ಟಾರ್ಕರ್ ಆಗಿದ್ದರೆ ಮೊದಲ ದಿನವೇ ನಿಲ್ಲಿಸುತ್ತಿದ್ದರು. ಪ್ಲೀತ್‌ಗೆ ಆ ಚಲನೆ ಸಂಗೀತದಿಂದಲೇ ಹುಟ್ಟಿದ್ದು ಅಂತ ಕಂಡಿತು, ಬಿಟ್ಟರು. ಎರಡು ಚೆಲ್ಲೋ ಇಟ್ಟುಕೊಂಡು ಜೊತೆಗೆ ನುಡಿಸುತ್ತಿದ್ದರು. ಮುಂದೆ ಅವಳು ಝೆರ್ಮಾಟ್‌ನಲ್ಲಿ ಕಸಾಲ್ಸ್, ಪ್ಯಾರಿಸ್‌ನಲ್ಲಿ ತೋರ್ತೆಲಿಯೇ, 1966ರಲ್ಲಿ ಮಾಸ್ಕೋದಲ್ಲಿ ರೊಸ್ತ್ರೊಪೊವಿಚ್ ಹತ್ತಿರ ಹೋದಳು. ತನ್ನನ್ನು ಮೀರಿಸಬಲ್ಲವಳು ಇವಳೊಬ್ಬಳೇ ಅಂದರಂತೆ ರೊಸ್ತ್ರೊಪೊವಿಚ್. ಆದರೂ ಅವಳು 'ಚೆಲ್ಲೋ ಡ್ಯಾಡಿ' ಅಂತ ಕರೆದದ್ದು ಪ್ಲೀತ್ ಒಬ್ಬರನ್ನೇ.

ಡಚ್ ಚೆಲ್ಲೋ ವಾದಕ ಆನರ್ ಬಿಲ್ಸ್ಮಾ ಹೇಳಿದ ಒಂದು ಪ್ರಸಂಗ ಇದೆ. ಸ್ಟಾರ್ಕರ್ ಕಾರಿನಲ್ಲಿ ಹೋಗುತ್ತಿದ್ದರು. ರೇಡಿಯೋದಲ್ಲಿ ಚೆಲ್ಲೋ ಬರುತ್ತಿತ್ತು. ಯಾರದು ಅಂತ ಕೇಳಿದರು. ದು ಪ್ರೇ ಅಂದರು ಜೊತೆಯವರು. ಹೀಗೆ ನುಡಿಸಿದರೆ ಬಹಳ ದಿನ ಬಾಳುವುದಿಲ್ಲ ಅಂದರಂತೆ ಸ್ಟಾರ್ಕರ್. ದು ಪ್ರೇ ನುಡಿಸುವುದು ನಿಂತದ್ದು 1973ರಲ್ಲಿ, ಇಪ್ಪತ್ತೆಂಟು ವರ್ಷಕ್ಕೆ. ಆದರೆ ಕಾರಣ ನುಡಿಸುವ ರೀತಿಯಲ್ಲ, ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುವ ನರಗಳ ಕಾಯಿಲೆ. ಅದು ಯಾರಿಗೆ ಬೇಕಾದರೂ ಬರುತ್ತದೆ. ಸ್ಟಾರ್ಕರ್ ಮಾತು ಭವಿಷ್ಯವಾಣಿ ಆಯಿತು ಅಂತ ಕೆಲವರು ಕಥೆ ಕಟ್ಟುತ್ತಾರೆ. ಅದು ಸರಿಯಲ್ಲ. 1987ರಲ್ಲಿ, ನಲವತ್ತೆರಡಕ್ಕೆ ತೀರಿಕೊಂಡರು. ಕೈ ಸೋತ ಮೇಲೂ ಗಾಲಿಕುರ್ಚಿಯಲ್ಲಿ ಕೂತು ಪಾಠ ಹೇಳುತ್ತಿದ್ದರು. ನುಡಿಸಿ ತೋರಿಸಲು ಆಗದು, ಬಾಯಲ್ಲೇ ಹೇಳಬೇಕು. ಹೇಗೆ ಮಾಡುತ್ತಿದ್ದೆ ಅನ್ನುವ ಪ್ರಶ್ನೆ ಅವರಿಗೂ ಬಂತು, ಬೇರೆ ದಾರಿಯಿಂದ.

ಮೂವರಲ್ಲಿ ಯಾರು ಸರಿ ಅಂತ ಕೇಳುತ್ತೀರಿ. ನನ್ನ ಒಲವು ಸ್ಟಾರ್ಕರ್ ಕಡೆ. ಕಾರಣ ಇಷ್ಟೇ: ದು ಪ್ರೇ ಥರದವರು ನಮ್ಮ ಮನೆ ಬಾಗಿಲಿಗೆ ಬರುವುದು ಕಡಿಮೆ. ಹದಿನಾರು ಹದಿನೇಳಕ್ಕೆ ಸುಮ್ನೆ ಮಂಕಾಗುವ ಮಕ್ಕಳು ಜಾಸ್ತಿ. ಹತ್ತು ವರ್ಷದವರೆಗೆ ಟಿವಿ ಸ್ಪರ್ಧೆಯಲ್ಲಿ ಬಹುಮಾನ, ಹದಿನೈದಕ್ಕೆ ಕೈ ನೋವು, ಹದಿನೇಳಕ್ಕೆ ಇಂಜಿನಿಯರಿಂಗ್. ಆಸಕ್ತಿ ಹೋಯಿತು ಅನ್ನುತ್ತೇವೆ. ಎಷ್ಟೋ ಸಲ ಹೋದದ್ದು ಆಸಕ್ತಿಯಲ್ಲ. ಅವರಿಗೂ ಸ್ಟಾರ್ಕರ್‌ಗೆ ಬಂದ ಪ್ರಶ್ನೆಯೇ ಬಂದಿರುತ್ತದೆ. ಉತ್ತರ ಹೇಳುವವರು ಹತ್ತಿರ ಇರುವುದಿಲ್ಲ.

ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳು:

ತುಂಬಾ ಚೆನ್ನಾಗಿ ನುಡಿಸುವ ಮಗುವನ್ನು ಹೊಗಳಬೇಕೋ, ಬಿಗಿಯಾಗಿ ಇಡಬೇಕೋ?

ಇದಕ್ಕೆ ಕಸಾಲ್ಸ್ ಕಥೆಯೇ ಉತ್ತರ. ಪಿಯಾಟಿಗೋರ್ಸ್ಕಿ ಚಿಕ್ಕವರಿದ್ದಾಗ ಬರ್ಲಿನ್‌ನ ಒಂದು ಮನೆಯಲ್ಲಿ ಕಸಾಲ್ಸ್ ಎದುರು ನುಡಿಸಿದರು. ಬೆಥೋವನ್, ಶೂಮನ್, ಬಾಖ್. ಹೆದರಿಕೆಯಲ್ಲಿ ಎಲ್ಲವೂ ಕೆಟ್ಟಿತು. ಕಸಾಲ್ಸ್ ಮಾತ್ರ ಭೇಷ್ ಅಂತ ಅಪ್ಪಿಕೊಂಡರು. ಸುಳ್ಳು ಹೊಗಳಿಕೆ ಅಂತ ಪಿಯಾಟಿಗೋರ್ಸ್ಕಿಗೆ ಬೇಸರವಾಯಿತು. ವರ್ಷಗ‌ಳ ನಂತರ ಪ್ಯಾರಿಸ್‌ನಲ್ಲಿ ಸಲಿಗೆ ಬೆಳೆದ ಮೇಲೆ ಅದನ್ನು ಕೇಳಿಯೇಬಿಟ್ಟರು. ಕಸಾಲ್ಸ್‌ಗೆ ಸಿಟ್ಟು ಬಂತು. ಎದ್ದು ಚೆಲ್ಲೋ ತೆಗೆದುಕೊಂಡರು. ಬೆಥೋವನ್‌ನ ಒಂದು ಸಾಲು ನುಡಿಸಿ, ಇಲ್ಲಿ ನೀನು ಈ ಬೆರಳು ಹಾಕಿದ್ದೆ ಅಲ್ವಾ, ಅದು ನನಗೆ ಹೊಸದಾಗಿತ್ತು ಅಂದರು. ಇನ್ನೊಂದು ಸಾಲು ನುಡಿಸಿ, ಇಲ್ಲಿ ಕಮಾನನ್ನು ಮೇಲ್ಮುಖವಾಗಿ ಶುರು ಮಾಡಿದ್ದೆ ಅಲ್ವಾ ಅಂದರು. ಹೀಗೆ ಅವತ್ತು ಹಿಡಿಸಿದ್ದನ್ನೆಲ್ಲ ಒಂದೊಂದಾಗಿ ನುಡಿಸಿ ತೋರಿಸಿದರು. ತಪ್ಪು ಎಣಿಸುವ ಕೆಲಸವನ್ನು ದಡ್ಡರಿಗೆ ಬಿಡು ಅಂದರಂತೆ.

ಹೊಗಳಿಕೆ ಹಾಗಿದ್ದರೆ ಧಾರಾಳವಾಗಿ ಹೊಗಳಿ. ಬರೀ 'ಸೂಪರ್' ಅಂದರೆ ಮಗುವಿಗೆ ಏನೂ ಸಿಗುವುದಿಲ್ಲ.

ನಮ್ಮ ಸಂಗೀತವನ್ನು ಚೆಲ್ಲೋದಲ್ಲಿ ನುಡಿಸಬಹುದಾ?

ಬಹುದು, ನುಡಿಸುತ್ತಿದ್ದಾರೆ. ನೆದರ್ಲೆಂಡ್ಸ್‌ನಿಂದ ಬಂದು ದೆಹಲಿಯಲ್ಲಿ ನೆಲೆಸಿದ ಸಾಸ್ಕಿಯಾ ರಾವ್-ದ ಹಾಸ್ ಹಿಂದೂಸ್ತಾನಿ ಸಂಗೀತಕ್ಕಾಗಿ ವಾದ್ಯವನ್ನೇ ಮಾರ್ಪಡಿಸಿಕೊಂಡಿದ್ದಾರೆ. ನುಡಿಸಲು ಐದು ತಂತಿ, ಕೆಳಗೆ ತಾವೇ ಮಿಡಿಯುವ ಹತ್ತು ತಂತಿ. ಕುರ್ಚಿ ಬಿಟ್ಟು ನೆಲದ ಮೇಲೆ ಕೂತು ನುಡಿಸುತ್ತಾರೆ. ಮೆಟ್ಟಿಲುಗಳಿಲ್ಲದ ವಾದ್ಯವಾದ್ದರಿಂದ ಮೀಂಡಿಗೆ, ಗಮಕಕ್ಕೆ ತೊಂದರೆಯಿಲ್ಲ. ವೇಗದ ತಾನಗಳಿಗೆ ಮಾತ್ರ ಆ ಉದ್ದ ತಂತಿ ಸ್ವಲ್ಪ ಕಾಡುತ್ತದೆ.

ಯಾವ ವಯಸ್ಸಿಗೆ ಶುರು ಮಾಡಬೇಕು? ನಮ್ಮ ಮಗಳಿಗೆ ಈಗ ಒಂಬತ್ತು, ತಡವಾಯಿತಾ?

ಇಲ್ಲ. ದು ಪ್ರೇ ಐದಕ್ಕೆ ಶುರು ಮಾಡಿದರು, ನಿಜ. ಆದರೆ ಪಾಬ್ಲೋ ಕಸಾಲ್ಸ್ ಚೆಲ್ಲೋ ಅನ್ನುವ ವಾದ್ಯವನ್ನು ಮೊದಲ ಸಲ ಕೇಳಿದ್ದೇ ಹನ್ನೊಂದಕ್ಕೆ. ಅದಕ್ಕೂ ಮುಂಚೆ ಪಿಯಾನೋ, ಪಿಟೀಲು, ಕೊಳಲು ಎಲ್ಲ ನುಡಿಸುತ್ತಿದ್ದರು, ಕಿವಿ ತಯಾರಾಗಿತ್ತು. ಹಾಗಾಗಿ ವಯಸ್ಸಿಗಿಂತ ವಾದ್ಯದ ಅಳತೆ ನೋಡಿ. ಮಕ್ಕಳಿಗೆ ಅರ್ಧ, ಮುಕ್ಕಾಲು, ಕಾಲು ಸೈಜಿನ ಚೆಲ್ಲೋಗಳು ಬರುತ್ತವೆ. ಬೇಗ ದೊಡ್ಡವಳಾಗುತ್ತಾಳೆ ಅಂತ ಒಂದು ಸೈಜು ಜಾಸ್ತಿ ಕೊಳ್ಳಬೇಡಿ. ಅದು ಶೂ ಅಲ್ಲ. ದೊಡ್ಡ ವಾದ್ಯಕ್ಕೆ ಸಣ್ಣ ಕೈ ಚಾಚಿದರೆ ಭುಜ ಬಿಗಿಯುವ ಅಭ್ಯಾಸ ಅಲ್ಲೇ ಬೀಳುತ್ತದೆ. ಬಾಡಿಗೆಗೆ ಸಿಕ್ಕರೆ ಮೊದಲು ಬಾಡಿಗೆಗೇ ತನ್ನಿ. ಕುರ್ಚಿಯ ಅಂಚಿನಲ್ಲಿ ಕೂರಿಸಿ, ಎರಡೂ ಪಾದ ನೆಲಕ್ಕೆ ಪೂರ್ತಿ ಊರುತ್ತದಾ ನೋಡಿ. ಊರದಿದ್ದರೆ ಕುರ್ಚಿ ಬದಲಿಸಿ.